ಊಟ ಆಯಿತು, ಮಲಗುವುದೆಲ್ಲಿ?

ಕಾರ್ತಿಕ ಮುಗಿದು ಮಾಗಿಯ ಚಳಿ ಬೀಳುವ ಹೊತ್ತಿಗೆ ಈ ಅಂಕಣದ ಓದುಗರಿಂದ ಹೆಚ್ಚುಕಡಿಮೆ ಒಂದೇ ಅರ್ಥದ ಪತ್ರಗಳು ಬರತೊಡಗುತ್ತವೆ. ‘ನಮ್ಮ ಭಜನಾ ಮಂಡಳಿಯವರು ಸೇರಿ ಬೀದಿಬದಿ ಮಲಗುವವರಿಗೆ ಏನಾದರೂ ಮಾಡಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡೋಣ?’ ಎಂದು ಒಬ್ಬರು ಬರೆಯುತ್ತಾರೆ. ‘ರಂಜಾನ್ ತಿಂಗಳಲ್ಲಿ ನಮ್ಮ ಮೊಹಲ್ಲಾದ ಹುಡುಗರು ಮೆಜೆಸ್ಟಿಕ್ ಸುತ್ತಮುತ್ತ ಊಟ ಹಂಚುತ್ತಾರೆ, ಉಳಿದ ಹನ್ನೊಂದು ತಿಂಗಳು ಏನು ಮಾಡಬಹುದು?’ ಎಂದು ಇನ್ನೊಬ್ಬರು. ಚರ್ಚಿನ ಯುವಕರ ಸಂಘದವರದೂ ಇದೇ ಪ್ರಶ್ನೆ. ಇವುಗಳ ನಡುವೆ ತುಸು ಖಾರವಾದ ಪತ್ರವೊಂದು ಇದ್ದೇ ಇರುತ್ತದೆ: ‘ಹೀಗೆ ಕೊಟ್ಟು ಕೊಟ್ಟು ನೀವು ಅವರನ್ನು ಸೋಮಾರಿಗಳನ್ನಾಗಿ ಮಾಡುತ್ತಿಲ್ಲವೇ?’

ಖಾರದ ಪತ್ರಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ಬೆಂಗಳೂರಿನ ಕಲಾಸಿಪಾಳ್ಯ, ಕೃಷ್ಣರಾಜ ಮಾರುಕಟ್ಟೆಯ ಕಡೆ ರಾತ್ರಿ ಹನ್ನೊಂದರ ಮೇಲೆ ಒಮ್ಮೆ ನಡೆದು ಬನ್ನಿ. ಅಂಗಡಿ ಬಾಗಿಲುಗಳ ಮುಂದೆ ಮಲಗಿರುವವರಲ್ಲಿ ದೊಡ್ಡ ಪಾಲು ದುಡಿಯುವ ಜನ. ನಸುಕಿನಲ್ಲಿ ತರಕಾರಿ ಲಾರಿಯಿಂದ ಮೂಟೆ ಇಳಿಸುವವರು, ಗಾರೆ ಕೆಲಸಕ್ಕೆ ಹೋಗುವವರು, ಚಿಂದಿ ಆಯುವವರು, ಮದುವೆ ಮನೆಗಳಿಗೆ ಬಡಿಸಲು ಹೋಗುವವರು. ಕಲ್ಯಾಣ ಮಂಟಪದಲ್ಲಿ ನಮ್ಮ ಎಲೆಗೆ ಹೋಳಿಗೆ ಹಾಕಿ ತುಪ್ಪ ಬಿಟ್ಟ ಹುಡುಗ ಆ ರಾತ್ರಿ ಮಲಗುವುದು ಯಾವುದೋ ಶಟರಿನ ಮುಂದೆ ಇರಬಹುದು. ಬಾಡಿಗೆಗೆ ಮುಂಗಡ ಕಟ್ಟುವ ಶಕ್ತಿಯಿಲ್ಲ, ದಿನಗೂಲಿಯಲ್ಲಿ ಉಳಿದದ್ದನ್ನು ಊರಿಗೆ ಕಳಿಸಬೇಕು, ಕೆಲಸ ಸಿಗುವ ಜಾಗದ ಹತ್ತಿರವೇ ಇರಬೇಕು. ದುಡಿಯಲಾಗದವರೂ ಅಲ್ಲಿದ್ದಾರೆ. ಮಕ್ಕಳು ಕೈಬಿಟ್ಟ ವೃದ್ಧರು, ಮಾನಸಿಕ ಕಾಯಿಲೆಯಿಂದ ಊರು ಮರೆತವರು, ಗಂಡನ ಹೊಡೆತ ತಾಳಲಾರದೆ ಹೊರಬಿದ್ದ ಹೆಂಗಸರು, ಮನೆಬಿಟ್ಟು ಓಡಿಬಂದ ಮಕ್ಕಳು. ಇವರಲ್ಲಿ ಸೋಮಾರಿ ಎಂದು ನಾವು ಬೊಟ್ಟು ಮಾಡಬಹುದಾದವರು ಯಾರು?

2011ರ ಜನಗಣತಿಯಲ್ಲಿ ದೇಶದ ವಸತಿಹೀನರನ್ನು ಎಣಿಸಿದ್ದು ಫೆಬ್ರುವರಿ 28ರ ರಾತ್ರಿ. ಸಿಕ್ಕ ಲೆಕ್ಕ ಸುಮಾರು 17.7 ಲಕ್ಷ, ಅವರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ನಗರಗಳಲ್ಲಿದ್ದವರು. ಒಂದೇ ರಾತ್ರಿಯಲ್ಲಿ ಎಣಿಸಿದಾಗ ಎಷ್ಟೋ ಜನ ತಪ್ಪಿಹೋಗುತ್ತಾರೆ ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅಂದಿನಿಂದ ಹೇಳುತ್ತಲೇ ಇದ್ದಾರೆ. ಆದರೆ ನನ್ನ ಗಮನ ಸೆಳೆದದ್ದು ಅಂಕಿಗಿಂತ ಹೆಚ್ಚಾಗಿ ಅವರನ್ನು ಎಲ್ಲಿ ಹುಡುಕಬೇಕು ಎಂಬ ಗಣತಿಯ ಸೂಚನೆ. ರಸ್ತೆಬದಿ, ಪಾದಚಾರಿ ಮಾರ್ಗ, ದೊಡ್ಡ ಕೊಳವೆಗಳ ಒಳಗೆ, ಮೇಲ್ಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರ್ಮ್, ಮಂಟಪ. ಇವುಗಳ ಜೊತೆಗೇ ಪೂಜಾಸ್ಥಳಗಳ ಹೆಸರೂ ಇದೆ. ಮನೆಯಿಲ್ಲದವರು ಗುಡಿಯ ಜಗಲಿ, ದರ್ಗಾದ ಅಂಗಳ, ಚರ್ಚಿನ ಗೇಟು ಹುಡುಕಿಕೊಂಡು ಬರುತ್ತಾರೆಂಬುದು ಸರ್ಕಾರಕ್ಕೂ ತಿಳಿದಿದೆ. ನಾವು ಅವರ ಹತ್ತಿರ ಹೋಗುವ ಮೊದಲೇ ಅವರು ನಮ್ಮ ದೇವರ ಬಾಗಿಲಿಗೆ ಬಂದಿದ್ದಾರೆ.

ನಮ್ಮ ಬಡಾವಣೆಯ ಮಂಡಳಿಯೊಂದರ ಜೊತೆ ಶನಿವಾರದ ರಾತ್ರಿಗಳಲ್ಲಿ ನಾನೂ ಹೋಗುತ್ತೇನೆ. ಭಜನೆ ಮುಗಿಸಿ, ಮಂಗಳಾರತಿ ತೆಗೆದುಕೊಂಡು, ಅಡುಗೆಮನೆಯಿಂದ ಬಿಸಿಬೇಳೆಬಾತ್, ಮೊಸರನ್ನದ ಪಾತ್ರೆಗಳನ್ನು ಗಾಡಿಗೆ ಏರಿಸಿಕೊಂಡು ಹೊರಡುವುದು ರೂಢಿ. ಹೋಗುತ್ತಾ ಹೋಗುತ್ತಾ ಒಂದು ಸಂಗತಿ ತಿಳಿಯಿತು. ಗುರುವಾರ ಸಾಯಿಬಾಬಾ ಮಂದಿರದವರು ಕೊಡುತ್ತಾರೆ. ಶುಕ್ರವಾರ ದರ್ಗಾದ ಕಡೆ ಊಟ. ಶನಿವಾರ ಆಂಜನೇಯನ ಗುಡಿ, ಶನಿಮಹಾತ್ಮನ ಗುಡಿ ಎರಡರಲ್ಲೂ ಪ್ರಸಾದ, ಮೇಲೆ ನಮ್ಮಂಥವರ ಗಾಡಿಗಳು. ಭಾನುವಾರ ಚರ್ಚಿನವರು. ಬೀದಿಯಲ್ಲಿ ಬದುಕುವವರಿಗೆ ಈ ಪಂಚಾಂಗ ಬಾಯಿಪಾಠ. ಶನಿವಾರ ರಾತ್ರಿ ಒಬ್ಬನಿಗೆ ಮೂರು ತಟ್ಟೆ ಊಟ, ಮಂಗಳವಾರ ಮಧ್ಯಾಹ್ನ ಬರೀ ನೀರು. ಆದುದರಿಂದ ಊಟ ಕೊಡಬೇಕೆಂದಿರುವವರಿಗೆ ನನ್ನ ಮೊದಲ ಮಾತು ಇಷ್ಟೇ: ಅಕ್ಕಪಕ್ಕದ ಎಲ್ಲ ಧರ್ಮದವರೊಂದಿಗೆ ಒಮ್ಮೆ ಕೂತು ವಾರ ಹಂಚಿಕೊಳ್ಳಿ. ಯಾರೂ ಹೋಗದ ದಿನವನ್ನು ನಿಮ್ಮದಾಗಿಸಿಕೊಳ್ಳಿ. ಹಲ್ಲಿಲ್ಲದವರಿಗೆ ಮೆತ್ತಗಿನ ಅನ್ನ, ಕುಡಿಯಲು ಸಾಕಷ್ಟು ನೀರು ಮರೆಯದೆ ಒಯ್ಯಿರಿ.

ಆದರೆ ಈ ಅಂಕಣ ಬರೆಯಹೊರಟದ್ದು ಊಟದ ಬಗ್ಗೆ ಅಲ್ಲ. ಯಾದಗಿರಿ ಕಡೆಯ, ಐವತ್ತು ದಾಟಿದ ಒಬ್ಬ ಹಮಾಲರು ತಟ್ಟೆ ಕೈಗೆ ತೆಗೆದುಕೊಳ್ಳುತ್ತಾ ನನಗೆ ಹೇಳಿದ ಮಾತಿದು: ‘ಊಟದ್ದೇನ್ ಚಿಂತಿಲ್ರಿ ಸರ. ಯಾರರೆ ತಂದು ಕೊಡ್ತಾರ. ಉಂಡ ಮ್ಯಾಲ ಎಲ್ಲಿ ಮಕ್ಕೊಳ್ಳೋದು, ಅದ ಚಿಂತಿ.’ ಅವರ ಹೊದಿಕೆಯನ್ನು ಹಿಂದಿನ ವಾರ ಯಾರೋ ಕದ್ದಿದ್ದರು. ಅದಕ್ಕೂ ಮೊದಲಿನದು ಬೆಳಗಿನ ಕಸದ ಗಾಡಿಗೆ ಹೋಗಿತ್ತು. ಆ ಚಳಿಗಾಲದಲ್ಲಿ ಅವರಿಗೆ ಕಂಬಳಿ ಕೊಟ್ಟವರು ಬೇಕಾದಷ್ಟು ಮಂದಿ ಇದ್ದರು. ಕಂಬಳಿ ಇಟ್ಟುಕೊಳ್ಳಲು ಒಂದು ಮೂಲೆ ಕೊಟ್ಟವರು ಯಾರೂ ಇರಲಿಲ್ಲ.

ನಮ್ಮ ನಾಡಿನ ದಾನದ ಕಲ್ಪನೆ ಇಷ್ಟು ಕಿರಿದಾಗಿರಲಿಲ್ಲ. ಧರ್ಮಸ್ಥಳಕ್ಕೆ ಹೋದವರೆಲ್ಲ ಅನ್ನಪೂರ್ಣ ಛತ್ರದಲ್ಲಿ ಉಂಡಿರುತ್ತೇವೆ. ಅಲ್ಲಿಯ ಪರಂಪರೆ ಚತುರ್ವಿಧ ದಾನದ್ದು: ಅನ್ನ, ಔಷಧ, ವಿದ್ಯೆ, ಅಭಯ. ಜೈನ ಹೆಗ್ಗಡೆಯವರ ಮನೆತನ ಶಿವನ ಕ್ಷೇತ್ರದಲ್ಲಿ ನಡೆಸಿಕೊಂಡು ಬಂದಿರುವ ಈ ನಾಲ್ಕರಲ್ಲಿ ಮೊದಲ ಮೂರು ನಮಗೆ ಚೆನ್ನಾಗಿ ಗೊತ್ತು. ನಾಲ್ಕನೆಯದನ್ನು ಮಾತ್ರ ದೊಡ್ಡವರಿಗೆ, ಪೀಠದಲ್ಲಿರುವವರಿಗೆ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ. ಉಳಿದ ಧರ್ಮಗಳನ್ನು ನೋಡಿದರೂ ಇದೇ ವಿಸ್ತಾರ ಕಾಣುತ್ತದೆ. ಜಕಾತ್ ಪಡೆಯಲು ಅರ್ಹರೆಂದು ಕುರಾನ್ ಹೇಳುವ ಎಂಟು ವರ್ಗಗಳಲ್ಲಿ ದಾರಿಯಲ್ಲಿ ಸಿಲುಕಿದ ಪಯಣಿಗನೂ ಒಬ್ಬ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಹಸಿದವನಿಗೆ ಊಟ ಕೊಡುವ ಮಾತಿನ ಜೊತೆಗೇ ಗುರುತಿಲ್ಲದವನನ್ನು ಮನೆಗೆ ಸೇರಿಸಿಕೊಳ್ಳುವ ಮಾತೂ ಬರುತ್ತದೆ. ಹೊಟ್ಟೆಯ ಜೊತೆಗೇ ಸೂರನ್ನೂ, ಅಂಜಿಕೆಯಿಲ್ಲದ ರಾತ್ರಿಯನ್ನೂ ಇವರೆಲ್ಲ ನೆನೆದಿದ್ದಾರೆ. ನಗರದ ಭಕ್ತರಾದ ನಾವು ಅನ್ನದ ಮಟ್ಟಿಗೆ ಚೆನ್ನಾಗಿಯೇ ನಡೆದುಕೊಂಡಿದ್ದೇವೆ. ಅಭಯದ ಮಟ್ಟಿಗೆ ಇನ್ನೂ ಹೊಸ್ತಿಲು ದಾಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೀದಿಯಲ್ಲಿ ಮಲಗುವವರ ಅಂಜಿಕೆ ಎಂಥದು ಎಂದು ಹತ್ತಿರದಿಂದ ನೋಡದವರಿಗೆ ಊಹಿಸುವುದು ಕಷ್ಟ. ಗಂಡಸರು ದುಡಿದ ದುಡ್ಡನ್ನು ಒಳಜೇಬಿನಲ್ಲಿಟ್ಟು ಬೋರಲು ಮಲಗುತ್ತಾರೆ. ಮಳೆ ಬಂದರೆ ಎದ್ದು ಕೂರಬೇಕು. ಪೊಲೀಸರು ಎಬ್ಬಿಸಿದರೆ ಮುಂದಿನ ಬೀದಿಗೆ ನಡೆಯಬೇಕು. ಕುಡಿದು ಬಂದವನ ಕಾರು ಫುಟ್‌ಪಾತ್ ಹತ್ತಿದರೆ ಎದ್ದೇಳಲೂ ಸಮಯವಿರುವುದಿಲ್ಲ. ಹೆಂಗಸರ ಪಾಡು ಬೇರೆಯೇ. ರಾತ್ರಿಯ ಊಟದ ಗಾಡಿಗಳ ಹತ್ತಿರ ಅವರು ಕಾಣಿಸುವುದು ಕಡಿಮೆ. ಹಾಗೆಂದು ಅವರು ಇಲ್ಲ ಎಂದುಕೊಳ್ಳಬಾರದು. ಗಂಡಸರ ಗುಂಪು ಇದ್ದಲ್ಲಿಗೆ ಕತ್ತಲಲ್ಲಿ ಬರಲು ಹೆದರಿ ಅವರು ರಾತ್ರಿಯಿಡೀ ಬಸ್ ನಿಲ್ದಾಣದ ಬೆಳಕಿನಲ್ಲಿ, ಆಸ್ಪತ್ರೆಯ ಹೊರಾಂಗಣದಲ್ಲಿ ರೋಗಿಯ ಕಡೆಯವರಂತೆ ಎಚ್ಚರವಾಗಿ ಕೂತು, ಹಗಲು ಜನರ ನಡುವೆ ಕಣ್ಣು ಮುಚ್ಚುತ್ತಾರೆ. ಬೆಳಿಗ್ಗೆ ಶೌಚಾಲಯಕ್ಕೆ ದುಡ್ಡು ಕೊಡಬೇಕು, ಅದು ತೆರೆಯುವವರೆಗೆ ಕಾಯಬೇಕು. ತಿಂಗಳ ಆ ದಿನಗಳಲ್ಲಿ ಏನು ಮಾಡುತ್ತಾರೆಂದು ನಮ್ಮ ಮಂಡಳಿಯ ಗಂಡಸರಿಗೆ ಹೊಳೆದೇ ಇರಲಿಲ್ಲ. ಅದನ್ನು ಕೇಳಿ ತಿಳಿದುಕೊಂಡು, ಹಗಲು ಹೊತ್ತಿನಲ್ಲಿ ಬಟ್ಟೆ, ಸೋಪು, ಪ್ಯಾಡ್ ಒಯ್ಯಲು ಶುರುಮಾಡಿದವರು ಲಲಿತಾ ಸಹಸ್ರನಾಮ ಓದುವ ನಮ್ಮ ಬಡಾವಣೆಯ ಅಮ್ಮಂದಿರು. ಮಹಿಳಾ ಮಂಡಳಿಗಳು ಈ ಕೆಲಸಕ್ಕೆ ಇಳಿಯದ ಹೊರತು ಬೀದಿಯ ಅರ್ಧ ಭಾಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಸೂರು ಕೊಡುವುದು ಸರ್ಕಾರದ ಹೊಣೆ ಎನ್ನುವವರಿದ್ದಾರೆ. ನಿಜವೇ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ನಗರಗಳ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲುರಾತ್ರಿ ತೆರೆದಿರುವ ತಂಗುದಾಣ ಇರಬೇಕೆಂದಿತು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೆಂದೇ ಒಂದು ಯೋಜನೆ ಇತ್ತು. ಒಬ್ಬರಿಗೆ ಕನಿಷ್ಠ 50 ಚದರಡಿ ಜಾಗ ಕೊಡಬೇಕು ಎಂಬಷ್ಟು ವಿವರವಾಗಿ ಅದರ ಮಾರ್ಗಸೂಚಿ ಬರೆಯಲಾಗಿತ್ತು. 2011ರ ಜನಗಣತಿಯಲ್ಲೇ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 84 ಲಕ್ಷ ಇತ್ತು. ಲೆಕ್ಕ ನೀವೇ ಹಾಕಿ. ಅಷ್ಟು ತಂಗುದಾಣಗಳು ಈ ನಗರದಲ್ಲಿಲ್ಲ. ಇರುವವುಗಳಲ್ಲಿ ಚೆನ್ನಾಗಿ ನಡೆಯುವವೂ ಇವೆ. ಅವು ಎಲ್ಲಿವೆ ಎಂದು ಬೀದಿಯಲ್ಲಿರುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಊಟದ ಗಾಡಿಯ ಜೊತೆ ಹೋಗುವವರು ಹತ್ತಿರದ ತಂಗುದಾಣ ಯಾವುದು, ಎಷ್ಟು ಹೊತ್ತಿಗೆ ಸೇರಿಸಿಕೊಳ್ಳುತ್ತಾರೆ, ಹೆಂಗಸರಿಗೆ ಬೇರೆ ಇದೆಯೇ ಎಂದು ವಿಚಾರಿಸಿಟ್ಟುಕೊಂಡರೆ ಅದೇ ಒಂದು ದೊಡ್ಡ ಸೇವೆ.

ಇಂಗ್ಲೆಂಡಿನಲ್ಲಿ ಒಂದು ವ್ಯವಸ್ಥೆ ಇದೆ. ಚಳಿಗಾಲ ಬಂದಾಗ ಒಂದು ಪ್ರದೇಶದ ಏಳು ಚರ್ಚುಗಳು ಸೇರಿ ವಾರದ ಏಳು ರಾತ್ರಿಗಳನ್ನು ಹಂಚಿಕೊಳ್ಳುತ್ತವೆ. ಸೋಮವಾರ ಒಂದು ಚರ್ಚಿನ ಸಭಾಂಗಣದಲ್ಲಿ ಹಾಸಿಗೆ, ಮಂಗಳವಾರ ಇನ್ನೊಂದರಲ್ಲಿ. ಬಂದವರಿಗೆ ಬಿಸಿಯೂಟ, ಬೆಳಿಗ್ಗೆ ತಿಂಡಿ, ರಾತ್ರಿ ಎಚ್ಚರವಿರಲು ಸ್ವಯಂಸೇವಕರ ಪಾಳಿ. ಕೆಲವೆಡೆ ಯಹೂದಿಗಳ ಸಿನಗಾಗ್‌ಗಳೂ ಮಸೀದಿಗಳೂ ಈ ಸರದಿಯಲ್ಲಿ ಸೇರಿಕೊಂಡಿವೆ. ಕೋವಿಡ್ ಬಂದಾಗ ಎಲ್ಲರನ್ನೂ ಒಂದೇ ಹಾಲಿನಲ್ಲಿ ಮಲಗಿಸುವುದು ನಿಂತು, ಬಳಿಕ ಹಲವು ಕಡೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕೊಡುವ ದಾರಿ ಹಿಡಿದರು. ಈ ಸರದಿಯಲ್ಲಿ ಯಾರೂ ಹೊಸ ಕಟ್ಟಡ ಕಟ್ಟಲಿಲ್ಲ. ಇದ್ದ ಜಾಗದ ಬೀಗ ತೆಗೆದರು, ಅಷ್ಟೇ.

ನಮಗೆ ಇದು ಪರಕೀಯವಾದ ಯೋಚನೆಯೇನೂ ಅಲ್ಲ. ಛತ್ರ, ಧರ್ಮಶಾಲೆ, ಮುಸಾಫಿರ್‌ಖಾನೆ ಇವೆಲ್ಲ ನಮ್ಮ ಊರುಗಳ ಹಳೆಯ ಏರ್ಪಾಟುಗಳು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರ ಶತಮಾನ ದಾಟಿದೆ. ಹೊರಊರಿನಿಂದ ಬಂದು ರೈಲಿಳಿದವರು ಎಲ್ಲಿ ತಲೆಯಿಟ್ಟು ಮಲಗಬೇಕು ಎಂದು ಒಬ್ಬ ವ್ಯಾಪಾರಿ ಯೋಚಿಸಿದ್ದರ ಫಲ ಅದು. ಇವತ್ತು ಪ್ರತಿ ಬಡಾವಣೆಯಲ್ಲೂ ಸಮುದಾಯ ಭವನವಿದೆ, ದೇವಸ್ಥಾನದ ಪ್ರವಚನ ಮಂದಿರವಿದೆ, ಚರ್ಚಿನ ಹಾಲ್ ಇದೆ, ಶಾದಿ ಮಹಲ್ ಇದೆ. ಮುಹೂರ್ತವಿಲ್ಲದ ದಿನಗಳಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಅವೆಲ್ಲ ಖಾಲಿ. ಶೂನ್ಯಮಾಸವೆಂದು ಮದುವೆ ನಡೆಯದ ಧನುರ್ಮಾಸ ಚಳಿ ಹೆಚ್ಚಿರುವ ತಿಂಗಳೂ ಹೌದು.

ಈ ಮಾತು ಎತ್ತಿದಾಗ ಆಡಳಿತ ಸಮಿತಿಯವರು ಮುಖ ಗಂಟಿಕ್ಕುವುದನ್ನು ಕಂಡಿದ್ದೇನೆ. ಅವರ ಆತಂಕ ಸುಳ್ಳಲ್ಲ. ಕುಡಿದು ಬಂದರೆ? ಕಳವಾದರೆ? ಮಡಿ ಮೈಲಿಗೆ? ಅಕ್ಕಪಕ್ಕದವರು ದೂರಿತ್ತರೆ? ಒಂದೊಂದಕ್ಕೂ ಉತ್ತರ ಇದೆ. ಮೊದಲ ವರ್ಷ ಹತ್ತು ಮಂದಿಗೆ ಮಾತ್ರ ಜಾಗ ಕೊಡಿ. ಅದೂ ನೀವು ತಿಂಗಳುಗಳಿಂದ ಊಟ ಕೊಟ್ಟು ಹೆಸರು, ಊರು ಎಲ್ಲ ಬಲ್ಲ ಹತ್ತು ಮಂದಿಗೆ. ಠಾಣೆಗೆ ಮೊದಲೇ ಬರೆದು ತಿಳಿಸಿ. ಇಬ್ಬರು ಕಾರ್ಯಕರ್ತರು ರಾತ್ರಿ ಅಲ್ಲೇ ಇರಲಿ. ಗರ್ಭಗುಡಿಯ ಹತ್ತಿರ ಬೇಡ, ಹಿಂದಿನ ಊಟದ ಹಾಲ್ ಸಾಕು. ಮಡಿಯ ಪ್ರಶ್ನೆಗೆ ನಾನು ವಾದ ಮಾಡಲು ಹೋಗುವುದಿಲ್ಲ. ಸ್ನಾನಕ್ಕೆ ಬಿಸಿನೀರು, ಉಡಲು ಒಗೆದ ಬಟ್ಟೆ ಕೊಟ್ಟರೆ ಅವರೂ ನಮ್ಮಷ್ಟೇ ಶುಚಿ.

ಸ್ನಾನದ ಮಾತು ಬಂತು. 2015ರ ಫೆಬ್ರುವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ವ್ಯಾಟಿಕನ್ನಿನ ಸೇಂಟ್ ಪೀಟರ್ ಚೌಕದ ಪಕ್ಕದಲ್ಲೇ ರೋಮ್‌ನ ಬೀದಿವಾಸಿಗಳಿಗಾಗಿ ಸ್ನಾನದ ಮನೆಗಳನ್ನು ತೆರೆದರು. ಊಟಕ್ಕಿಂತ ಕಷ್ಟವಾಗಿರುವುದು ಸ್ನಾನ, ಮೈ ವಾಸನೆ ಬರುವವನನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ಪೋಪರ ದಾನಕಾರ್ಯ ನೋಡಿಕೊಳ್ಳುವವರಿಗೆ ಬೀದಿಯವರಿಂದಲೇ ತಿಳಿದುಬಂದಿತ್ತು. ಜೊತೆಗೆ ಕ್ಷೌರದ ಏರ್ಪಾಟೂ ಆಯಿತು. ಅಲ್ಲಿ ಕ್ಷೌರದಂಗಡಿಗಳಿಗೆ ಸೋಮವಾರ ರಜೆ. ಆ ದಿನ ಕ್ಷೌರಿಕರು ತಾವಾಗಿ ಬಂದು ತಲೆಕೂದಲು ಕತ್ತರಿಸಿ, ಗಡ್ಡ ತೆಗೆದು ಹೋಗುತ್ತಿದ್ದರು. ನಮ್ಮಲ್ಲಿ ಮಂಗಳವಾರ ರಜೆ. ಸವಿತಾ ಸಮಾಜದ ಬಂಧುಗಳನ್ನು ಯಾರಾದರೂ ಗೌರವದಿಂದ ಕರೆದು ಕೇಳಿದರೆ ಖಂಡಿತ ಬರುತ್ತಾರೆ. ಗಡ್ಡ ತೆಗೆಸಿಕೊಂಡು, ಮಿಂದು, ಒಗೆದ ಅಂಗಿ ತೊಟ್ಟವನಿಗೆ ಮರುದಿನ ಕೆಲಸ ಸಿಗುವ ಸಾಧ್ಯತೆಯೇ ಬೇರೆ. ಗಾರೆ ಮೇಸ್ತ್ರಿ ಮುಂಜಾನೆ ಕೂಲಿಯಾಳುಗಳ ಸಾಲಿನಲ್ಲಿ ಆರಿಸುವಾಗ ಮೊದಲು ನೋಡುವುದು ಮುಖವನ್ನೇ.

ಅಭಯದ ಇನ್ನೊಂದು ರೂಪ ಕಾಗದ. ಬೀದಿಯಲ್ಲಿರುವವನಿಗೆ ವಿಳಾಸವಿಲ್ಲ, ವಿಳಾಸವಿಲ್ಲದವನಿಗೆ ಗುರುತಿನ ಚೀಟಿಯಿಲ್ಲ, ಚೀಟಿಯಿಲ್ಲದವನಿಗೆ ಪಡಿತರವಿಲ್ಲ, ಪಿಂಚಣಿಯಿಲ್ಲ. ಇದ್ದ ಚೀಟಿಯೂ ಮಳೆಯಲ್ಲಿ ನೆನೆದೋ ಚೀಲದ ಜೊತೆ ಕಳುವಾಗಿಯೋ ಹೋಗಿರುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮ ಹೇಳುತ್ತೇನೆ. ಮನೆಯಿಲ್ಲದವರು ಮತದಾರರ ಪಟ್ಟಿಗೆ ಸೇರಲು ವಾಸದ ದಾಖಲೆ ಕೊಡಬೇಕಾಗಿಲ್ಲ. ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನು ಬರೆದರೆ ಸಾಕು; ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು, ಅವರು ಅಲ್ಲೇ ಮಲಗುತ್ತಾರೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಇದು ಚುನಾವಣಾ ಆಯೋಗದ್ದೇ ಸೂಚನೆ. ಮೇಲ್ಸೇತುವೆಯ ಮೂರನೇ ಕಂಬದ ಕೆಳಗೆ ಎಂಬುದನ್ನೂ ವಾಸಸ್ಥಳವೆಂದು ಒಪ್ಪಬಲ್ಲ ಗಣರಾಜ್ಯ ನಮ್ಮದು. ಮಾನ್ಯತೆ ಪಡೆದ ತಂಗುದಾಣದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ಮಾಡಿಸಲೂ ಅವಕಾಶವಿದೆ. ಆದರೆ ನಮೂನೆ ತುಂಬಿಕೊಡುವವರು ಬೇಕು, ಕಚೇರಿಗೆ ಜೊತೆಯಲ್ಲಿ ಹೋಗುವವರು ಬೇಕು, ‘ನಾಳೆ ಬಾ’ ಎಂದಾಗ ಮರುದಿನವೂ ಹೋಗುವವರು ಬೇಕು. ನಿಮ್ಮ ಮಂಡಳಿಯಲ್ಲಿ ನಿವೃತ್ತ ಗುಮಾಸ್ತರು, ಬ್ಯಾಂಕಿನಲ್ಲಿದ್ದವರು, ಶಾಲೆಯ ಮೇಷ್ಟ್ರು ಇದ್ದರೆ ಸೌಟು ಹಿಡಿಯುವುದಕ್ಕಿಂತ ಈ ಕೆಲಸ ಅವರಿಗೆ ಒಪ್ಪುತ್ತದೆ. ಅರವತ್ತೈದು ದಾಟಿದ ಅಜ್ಜಿಯೊಬ್ಬರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಕೊಡಿಸಿದರೆ ಅದು ನಾವು ವರ್ಷವಿಡೀ ಕೊಡುವ ಶನಿವಾರದ ಊಟಕ್ಕಿಂತ ದೊಡ್ಡದು.

ಮಾನಸಿಕ ಕಾಯಿಲೆಯಿಂದ ಅಲೆಯುವವರ ವಿಷಯದಲ್ಲಿ ಭಕ್ತರಾದ ನಮ್ಮಿಂದಲೇ ಕೆಲವೊಮ್ಮೆ ಅನ್ಯಾಯವಾಗುತ್ತದೆ. ಅವಧೂತರೆಂದು ಕಾಲಿಗೆ ಬೀಳುವವರಿದ್ದಾರೆ, ದೆವ್ವ ಮೆಟ್ಟಿದೆ ಎಂದು ಅಟ್ಟುವವರೂ ಇದ್ದಾರೆ. ಇಬ್ಬರೂ ಅವರನ್ನು ವೈದ್ಯರ ಹತ್ತಿರ ಕರೆದೊಯ್ಯುವುದಿಲ್ಲ. 1988ರ ಸುಮಾರಿಗೆ ಮುಂಬಯಿಯಲ್ಲಿ ಮನೋವೈದ್ಯ ಭರತ್ ವಾಟ್ವಾನಿ ಮತ್ತು ಅವರ ಪತ್ನಿ ಸ್ಮಿತಾ ಬೀದಿಯಲ್ಲಿ ಒಬ್ಬ ಯುವಕ ತೆಂಗಿನ ಚಿಪ್ಪಿನಲ್ಲಿ ಚರಂಡಿ ನೀರು ಮೊಗೆದು ಕುಡಿಯುವುದನ್ನು ಕಂಡರು. ಕರೆದೊಯ್ದು ಚಿಕಿತ್ಸೆ ಕೊಟ್ಟಾಗ ಆತ ಆಂಧ್ರದ ಕಡೆಯ ಓದಿದ ಹುಡುಗ ಎಂದು ಗೊತ್ತಾಯಿತು. ಅವನನ್ನು ಮನೆಯವರಿಗೆ ಒಪ್ಪಿಸಿದರು. ಅಲ್ಲಿಂದ ಹುಟ್ಟಿದ ಶ್ರದ್ಧಾ ಪುನರ್ವಸತಿ ಸಂಸ್ಥೆ ಸಾವಿರಾರು ಮಂದಿಯನ್ನು ಅವರವರ ಊರಿಗೆ ತಲುಪಿಸಿದೆ; ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಕರಾವಳಿಯವರಿಗೆ ಗಡಿಯಾಚೆಯ ಮಂಜೇಶ್ವರದ ಸ್ನೇಹಾಲಯ ಗೊತ್ತಿರುತ್ತದೆ. ಬೀದಿಯಲ್ಲಿ ಅಲೆಯುತ್ತಿದ್ದ ಎಷ್ಟೋ ಮಂದಿಗೆ ಅದು ನೆಲೆ ಕೊಟ್ಟಿದೆ. ಸಾಮಾನ್ಯ ಕಾರ್ಯಕರ್ತರು ತಿಳಿದಿರಬೇಕಾದ್ದು ಇಷ್ಟು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಯಲ್ಲಿ ಈ ಕಲಮಿನ ಹೆಸರು ಹೇಳಿ ವಿನಯದಿಂದ ಕೇಳಿ. ಸಲಹೆಗೆ ಟೆಲಿ ಮಾನಸ್ 14416, ವೃದ್ಧರಿಗೆ 14567, ಮಕ್ಕಳಿಗೆ 1098. ಈ ಮೂರು ಸಂಖ್ಯೆಗಳು ಊಟದ ಗಾಡಿಯ ಮೇಲೆ ಬರೆದಿರಲಿ.

ಒಬ್ಬ ಅಜ್ಜಿ, ತುಮಕೂರು ಕಡೆಯವರು, ಊಟ ಮಾಡಿ ಕೈ ತೊಳೆದ ಮೇಲೆ ಒಂದು ರಾತ್ರಿ ನನ್ನನ್ನು ಕೇಳಿದರು: ‘ನಾನ್ ಸತ್ರೆ ಮಣ್ಣು ಮಾಡೋರು ಯಾರಪ್ಪ?’ ಬೀದಿಯಲ್ಲಿ ಬದುಕುವ ಮುದುಕರಲ್ಲಿ ಈ ಚಿಂತೆ ಎಷ್ಟು ಆಳವಾಗಿದೆಯೆಂದರೆ ಹಸಿವಿನ ಮಾತಿಗಿಂತ ಮೊದಲು ಇದೇ ಬಾಯಿಗೆ ಬರುತ್ತದೆ. ಅನಾಥ ಶವ ಎಂಬ ಚೀಟಿ ಕಟ್ಟಿಸಿಕೊಂಡು ಹೋಗುವ ಭಯ. ಅಯೋಧ್ಯೆಯ ಸೈಕಲ್ ಮೆಕ್ಯಾನಿಕ್ ಮೊಹಮ್ಮದ್ ಶರೀಫ್ ತಮ್ಮ ಮಗನನ್ನು ಕಳೆದುಕೊಂಡ ಮೇಲೆ, ಹಕ್ಕುದಾರರಿಲ್ಲದ ಶವಗಳಿಗೆ ಅವರವರ ಧರ್ಮದ ರೀತಿಯಲ್ಲೇ ಸಂಸ್ಕಾರ ಮಾಡುತ್ತಾ ದಶಕಗಳನ್ನೇ ಕಳೆದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ನಂಬಿಕೆಯುಳ್ಳವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರುವ ಕೆಲಸವಿದು. ಮಂತ್ರ, ಪ್ರಾರ್ಥನೆ, ನಮಾಜು ಎಲ್ಲ ನಮ್ಮ ಬಳಿ ಇವೆ. ಆ ಅಜ್ಜಿಗೆ ನಮ್ಮ ಮಂಡಳಿಯ ಹಿರಿಯರು ಕೊಟ್ಟ ಉತ್ತರ: ‘ನಾವಿದೀವಿ ಕಣಮ್ಮ, ನಮ್ಮ ತಾಯಿಗೆ ಮಾಡಿದ ಹಾಗೆ ಮಾಡ್ತೀವಿ.’ ಆಡಿದ ಮಾತನ್ನು ಅವರು ನಡೆಸಿಕೊಟ್ಟರು.

ಸೇವೆಯ ರೀತಿಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಫೋಟೊ ಬೇಡ. ತಟ್ಟೆ ಹಿಡಿದ ಮುಖ ವಾಟ್ಸ್‌ಆ್ಯಪ್‌ನಲ್ಲಿ ತನ್ನೂರಿನವರ ಕಣ್ಣಿಗೆ ಬಿದ್ದು, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದೇನೆಂದು ಮನೆಗೆ ಹೇಳಿಕೊಂಡಿದ್ದವನು ತಿಂಗಳುಗಟ್ಟಲೆ ಊರಿಗೆ ಫೋನ್ ಮಾಡದೆ ಉಳಿದದ್ದು ನನಗೆ ಗೊತ್ತು. ಊಟದ ಜೊತೆ ಧರ್ಮ ಬೋಧನೆಯೂ ಬೇಡ, ಯಾವ ಧರ್ಮದ್ದೂ ಬೇಡ. ಜೈಕಾರ ಹಾಕಿದವರಿಗಷ್ಟೇ ಪ್ರಸಾದ, ಪ್ರಾರ್ಥನೆಗೆ ಕೂತವರಿಗಷ್ಟೇ ಕಂಬಳಿ ಎಂದಾದರೆ ಅದು ಹಸಿದವನ ಮೇಲೆ ಮಾಡುವ ಬಲವಂತ. ಹಲಸೂರಿನ ಗುರುದ್ವಾರಕ್ಕೆ ಹೋಗಿ ಲಂಗರಿನಲ್ಲಿ ಒಮ್ಮೆ ಕೂತು ನೋಡಿ. ಶ್ರೀಮಂತ, ಕೂಲಿ, ಆ ಧರ್ಮದವನು, ಈ ಧರ್ಮದವನು ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ. ನಮ್ಮ ಶರಣರ ದಾಸೋಹದ ಭಾವವೂ ಅದೇ, ನೀಡುವವನೇ ದಾಸ. ಸಾಧ್ಯವಾದಲ್ಲೆಲ್ಲ ಗಾಡಿಯಿಂದ ಕೈ ಚಾಚಿ ಕೊಡುವುದನ್ನು ಬಿಟ್ಟು, ಚಾಪೆ ಹಾಸಿ ಅವರ ಜೊತೆಯೇ ಕೂತು ಉಣ್ಣಿ. ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಮುಂದಿನ ವಾರ ಆ ಹೆಸರಿನಿಂದ ಕರೆಯಿರಿ.

ಸರ್ಕಾರ, ಸಂಸ್ಥೆಗಳ ಯೋಜನೆಗಳಿಗಿಂತ ನಂಬಿಕೆಯ ಗುಂಪುಗಳಿಗೆ ಇರುವ ದೊಡ್ಡ ಬಲ ಇದೇ ಎಂದು ನನಗನ್ನಿಸುತ್ತದೆ. ಯೋಜನೆಗೆ ಅವಧಿ ಇದೆ, ಅನುದಾನ ನಿಂತರೆ ಅದೂ ನಿಲ್ಲುತ್ತದೆ. ಭಜನೆ, ಜುಮ್ಮಾ, ಭಾನುವಾರದ ಪೂಜೆ ಯಾವುದೂ ನಿಲ್ಲುವುದಿಲ್ಲ. ಮಳೆ ಬರಲಿ, ಪಂದ್ಯವಿರಲಿ, ವಾರ ತಪ್ಪದೆ ಸೇರುವ ಅಭ್ಯಾಸ ನಮಗಿದೆ. ಬೀದಿಯಲ್ಲಿರುವವರು ಹತ್ತು ಕಡೆ ಮೋಸ ಹೋಗಿ ಯಾರನ್ನೂ ನಂಬದ ಸ್ಥಿತಿಯಲ್ಲಿರುತ್ತಾರೆ. ಅದೇ ಜಾಗಕ್ಕೆ, ಅದೇ ದಿನ, ಅದೇ ಮುಖಗಳು ಮತ್ತೆ ಮತ್ತೆ ಬಂದಾಗ ಮಾತ್ರ ಅವರು ಕಾಲಿನ ಹುಣ್ಣು ತೋರಿಸುತ್ತಾರೆ, ಊರಿನ ಹೆಸರು ಹೇಳುತ್ತಾರೆ, ಆಸ್ಪತ್ರೆಗೆ ಬರಲು ಒಪ್ಪುತ್ತಾರೆ.

ಹಾಗೆಂದು ಸರ್ಕಾರವನ್ನು ಕೇಳುವುದನ್ನು ಬಿಡಬಾರದು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆಗೆ ನಾವು ಶೇಕಡ 3ರಷ್ಟು ಭಿಕ್ಷುಕರ ಉಪಕರ ಕಟ್ಟುತ್ತೇವೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬಂದದ್ದಿದು. ಅದೇ ಕಾಯ್ದೆಯಡಿ ಬೀದಿಯಿಂದ ಹಿಡಿದು ತಂದವರನ್ನು ಇರಿಸುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ನಾಡೇ ಬೆಚ್ಚಿತ್ತು. ಭಿಕ್ಷೆ ಬೇಡುವುದನ್ನು ಅಪರಾಧವಾಗಿಸುವ ಇಂಥದೇ ಕಾಯ್ದೆಯ ಅಂಶಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿಗೆ ಅನ್ವಯಿಸದಂತೆ ರದ್ದುಮಾಡಿದೆ. ನಮ್ಮಲ್ಲಿ ಆ ಚರ್ಚೆ ಇನ್ನೂ ಗಂಭೀರವಾಗಿ ನಡೆದಿಲ್ಲ. ದುಡಿದು ದಣಿದು ಫುಟ್‌ಪಾತಿನಲ್ಲಿ ಕೂತ ಮುದುಕನನ್ನು ಭಿಕ್ಷುಕನೆಂದು ವಾಹನಕ್ಕೆ ಹತ್ತಿಸಿದಾಗ, ಅವನ ಹೆಸರು ಬಲ್ಲ ನೀವು ಹೋಗಿ ‘ಇವರು ನಮಗೆ ಗೊತ್ತು’ ಎಂದು ಹೇಳಬಲ್ಲಿರಾದರೆ ಅದೂ ಸೇವೆಯೇ. ನೀವು ಕಟ್ಟಿದ ಉಪಕರ ಎಲ್ಲಿ ಖರ್ಚಾಯಿತೆಂದು ಮಾಹಿತಿ ಹಕ್ಕಿನಡಿ ಕೇಳುವುದೂ ಸೇವೆಯೇ.

ಪತ್ರ ಬರೆದ ಮಂಡಳಿಗಳಿಗೆ, ಜಮಾತ್‌ಗಳಿಗೆ, ಚರ್ಚಿನ ಸಂಘಗಳಿಗೆ ನನ್ನ ಕೋರಿಕೆ ಒಂದೇ. ಊಟ ಕೊಡುವುದನ್ನು ನಿಲ್ಲಿಸಬೇಡಿ. ಬರುವ ಆಡಳಿತ ಸಮಿತಿಯ ಸಭೆಯಲ್ಲಿ ಮಾತ್ರ ಒಂದು ವಿಷಯವನ್ನು ಹೆಚ್ಚುವರಿಯಾಗಿ ಬರೆಸಿ: ಈ ಧನುರ್ಮಾಸದಲ್ಲಿ ನಮ್ಮ ಹಾಲನ್ನು ವಾರಕ್ಕೆ ಒಂದು ರಾತ್ರಿ, ಹತ್ತು ಮಂದಿಗೆ ತೆರೆಯಬಹುದೇ? ಒಪ್ಪಿಗೆ ಸಿಕ್ಕರೆ ನೆರೆಯ ಆರು ಸಂಸ್ಥೆಗಳ ಬಾಗಿಲು ತಟ್ಟಿ, ಉಳಿದ ಆರು ರಾತ್ರಿಗಳನ್ನು ಕೇಳಿ. ಯಾರು ಒಪ್ಪಿದರು, ಯಾವ ಬಡಾವಣೆಯಲ್ಲಿ ಎಂದು ಈ ಅಂಕಣಕ್ಕೆ ಬರೆದು ತಿಳಿಸಿ. ಹತ್ತಿರದವರನ್ನು ಒಬ್ಬರಿಗೊಬ್ಬರು ಪರಿಚಯಿಸುವ ಕೆಲಸ ನನ್ನದು.